ಮೊಲದ ಸಂಡಾಸಿನ ಚರಿತ್ರೆ

ಹಣಕೋಣದಲ್ಲಿ ಕೊಂಕಣಿ ಆಡುವವರು ಸಸೊ ಅಂತಾರೆ, ಕನ್ನಡ ಆಡುವವರು ಮೊಲ ಅಂತಾರೆ. ಯಾವ ಭಾಷೆಲಿ ಕರೆದ್ರೂ ಗುಡ್ಡದಲ್ಲಿ ಓಡುವುದಕ್ಕೂ ಅದೇ ಹೆಸರು, ಪೇಟೆಯಿಂದ ರಟ್ಟಿನ ಡಬ್ಬಿಲಿ ತಂದ ಬಿಳಿ ಮರಿಗೂ ಅದೇ ಹೆಸರು. ಈ ಒಂದು ಹೆಸರಿನ ದೆಸೆಯಿಂದ ಒಂದು ಜೀವ ಹೋಗುವುದರಲ್ಲಿತ್ತು.

ನಮ್ಮನೆ ಮೊಲ ಮೊದಲ ಕೆಲವು ವಾರ ಜಗಲಿ, ಅಡುಗೆಮನೆ, ಮಂಚದಡಿ ಎಲ್ಲಾ ಕಡೆ ಹಿಕ್ಕೆ ಹಾಕ್ತಿತ್ತು. ದೇವರ ಕೋಣೆ ಬಾಗಿಲಿಗೆ ಹಾಕಿದ ದಿನ ಅತ್ತೆಯವರಿಗೆ ತಡೀಲಿಲ್ಲ. "ಗುಡ್ಡೆಗೆ ಬಿಟ್ಟು ಬನ್ನಿ. ಅದರ ಊರೇ ಅದು, ಅಲ್ಲಿ ಸುಖವಾಗಿರ್ತದೆ" ಅಂದ್ರು. ಅವರೇನು ನಿಷ್ಕರುಣಿ ಅಲ್ಲ. ಬಿಟ್ಟರೆ ಬದುಕ್ತದೆ ಹೇಳಿ ನಂಬಿಯೇ ಹೇಳಿದ್ದು.

ಆದರೆ ಅದರ ಊರು ಅದಲ್ಲ. ನಮ್ಮ ಗುಡ್ಡದ್ದು ಕಾಡುಮೊಲ. ಅದು ಬಿಲ ತೋಡುವುದಿಲ್ಲ, ಹುಲ್ಲಿನ ನಡುವೆ ಮೈ ಹಿಡಿಸುವಷ್ಟು ಜಾಗ ಮಾಡ್ಕೊಂಡು ಮಲಗ್ತದೆ. ಮರಿಗೆ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣೂ ಬಿಟ್ಟಿರ್ತದೆ. ಹರಿಹರ ಬುಕ್ಕರ ಬೇಟೆನಾಯಿಗಳನ್ನ ತಿರುಗಿಸಿ ಅಟ್ಟಿತು ಅನ್ನುವ ಕಥೆಯ ಮೊಲ, ಚಂದ್ರನಲ್ಲಿ ಕೂತ ಮೊಲ, ಹಿಡಿದವನ ಹಠಕ್ಕೆ ಮೂರೇ ಕಾಲಾದ ಗಾದೆ ಮೊಲ, ಎಲ್ಲಾ ಈ ಪೈಕಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇದನ್ನ ಹಿಡಿಯುವ ಹಾಂಗೂ ಇಲ್ಲ, ಸಾಕುವ ಹಾಂಗೂ ಇಲ್ಲ. ಪೇಟೆಯಿಂದ ಬರುವುದು ಬೇರೆಯೇ ಪ್ರಾಣಿ. ಕಾಡುಮೊಲಕ್ಕೆ 48 ವರ್ಣತಂತು, ಇದಕ್ಕೆ 44. ಮರಿ ಹುಟ್ಟುವಾಗ ಬೋಳು, ಕುರುಡು. ಯಾಕಂದ್ರೆ ಅದು ಹುಟ್ಟುವುದು ಬಿಲದೊಳಗೆ, ಬೆಚ್ಚಗೆ.

ಇದರ ತವರು ಸ್ಪೇನ್, ಪೋರ್ಚುಗಲ್ ಮತ್ತೆ ಫ್ರಾನ್ಸಿನ ದಕ್ಷಿಣದ ತುಂಡು. ರೋಮಿನ ಚಕ್ರವರ್ತಿ ಹೇಡ್ರಿಯನ್ ಟಂಕಿಸಿದ ನಾಣ್ಯದಲ್ಲಿ ಸ್ಪೇನ್ ದೇಶವನ್ನ ಒಬ್ಬ ಹೆಂಗಸಿನ ರೂಪದಲ್ಲಿ ತೋರಿಸಿದಾರೆ, ಹತ್ತಿರ ಒಂದು ಮೊಲ. ಅದಕ್ಕೂ ಮುಂಚೆ, ಕ್ರಿ.ಪೂ. 37ರಲ್ಲಿ, ವಾರೋ ಎಂಬ ರೋಮನ್ ಪಂಡಿತ ಬೇಸಾಯದ ಪುಸ್ತಕ ಬರೆದ. ಗೋಡೆ ಕಟ್ಟಿ ಮೊಲ ಸಾಕುವುದು ಹೇಗೆ ಹೇಳಿ ಅದರಲ್ಲಿದೆ. ಸ್ಪೇನಿನ ಜಾತಿಗೆ ಕುನಿಕುಲುಸ್ ಅನ್ನುವ ಹೆಸರು ಬಂದದ್ದೇ ಬಿಲ ತೋಡುವ ಗುಣದಿಂದ ಅಂತಾನೆ. ಆ ಲ್ಯಾಟಿನ್ ಹೆಸರೇ ಸವೆದು ಪೋರ್ಚುಗೀಸಿನಲ್ಲಿ ಕುವೆಲ್ಲೊ ಆಯ್ತು. ಗೋವಾದಿಂದ ಮಂಗಳೂರ ತನಕ ಕ್ರಿಸ್ತುವರಲ್ಲಿ ಕುವೆಲ್ಲೊ ಅಡ್ಡಹೆಸರಿನವರು ಎಷ್ಟೋ ಜನ ಇದಾರಲ್ಲ, ಅರ್ಥ ಮೊಲ ಅಂತಲೇ!

ಕ್ರಿ.ಶ. 600ರ ಸುಮಾರಿಗೆ ಪೋಪ್ ಗ್ರೆಗರಿ ಮೊಲದ ಮರಿಯನ್ನ ಮೀನಿನ ಲೆಕ್ಕಕ್ಕೆ ಸೇರಿಸಿದರು, ಉಪವಾಸದಲ್ಲೂ ತಿನ್ನಬಹುದು ಹೇಳಿ ಸನ್ಯಾಸಿಗಳು ಸಾಕಲಿಕ್ಕೆ ಶುರು ಮಾಡಿದರು ಅಂತ ಒಂದು ಕಥೆ ಎಲ್ಲಾ ಕಡೆ ಓಡಾಡ್ತದೆ. ನಂಬಬೇಡಿ. 2018ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಬುಡ ಹುಡುಕಿದಾಗ ಪೋಪ್ ಅಂಥದ್ದೇನೂ ಹೇಳಲೇ ಇಲ್ಲ ಅಂತ ಗೊತ್ತಾಯ್ತು. ತೂರ್ ಊರಿನ ಇನ್ನೊಬ್ಬ ಗ್ರೆಗರಿ ಬರೆದ ಮಾತನ್ನ ಇವರ ತಲೆಗೆ ಕಟ್ಟಿದ್ರು.

ನನಗೆ ಮುಖ್ಯ ಕಂಡದ್ದು ಬಿಲದ ಸಂಗತಿ. ಬಿಲ ಇರುವ ಪ್ರಾಣಿಗೆ ಮನೆ ಅಂತ ಒಂದಿದೆ. ಮನೆ ಇದ್ದ ಮೇಲೆ ಸಂಡಾಸಿಗೂ ಜಾಗ ಬೇಕಲ್ಲ? ಆ ಮೊಲಗಳು ಗುಂಪಾಗಿ ಇರ್ತವೆ, ಬಿಲದ ಆಸುಪಾಸಿನಲ್ಲಿ ಗೊತ್ತಾದ ಕೆಲವು ಜಾಗದಲ್ಲಿ ಹಿಕ್ಕೆ ಗುಡ್ಡೆ ಹಾಕ್ತವೆ. ಅದರ ವಾಸನೆಯೇ ಗಡಿಕಲ್ಲು. ಗದ್ದ ತಿಕ್ಕಿ ಗುರುತು ಮಾಡುವುದೂ ಇದಕ್ಕೇ. ಹೀಂಗಿರುವ ಪ್ರಾಣಿಯನ್ನ ಮನುಷ್ಯ ಮೊದಲು ಗೋಡೆಯೊಳಗೆ ಹಾಕಿದ, ಆಮೇಲೆ ಗೂಡಿಗೆ. ಗೂಡಿನ ತಳಕ್ಕೆ ಜಾಲರಿ ಬಂತು. ಹಿಕ್ಕೆ ಕೆಳಗೆ ಬಿದ್ದರೆ ಮುಗೀತು, ಎಲ್ಲಿ ಹಾಕ್ತದೆ ಅಂತ ನೋಡುವವರು ಯಾರು? ನಮ್ಮ ದೇಶದಲ್ಲೂ ಉಣ್ಣೆಗೆ, ಮಾಂಸಕ್ಕೆ ಹೇಳಿ ಸರಕಾರಿ ಕೇಂದ್ರಗಳು ಮೊಲ ಬೆಳೆಸಿದವು. ಕುಲ್ಲು ಕಣಿವೆಯ ಗಡಸಾದಲ್ಲಿ ಅಂಗೋರಾ, ಕೊಡೈಕನಾಲ್ ಹತ್ತಿರದ ಮನ್ನವನೂರಿನಲ್ಲಿ ವೈಟ್ ಜಯಂಟ್, ಸೋವಿಯತ್ ಚಿಂಚಿಲ್ಲಾ. ಅಲ್ಲಿಯೂ ಗೂಡೇ.

ಪೀಟರ್ ರ‍್ಯಾಬಿಟ್ ಕಥೆಯನ್ನ 1902ರಲ್ಲಿ ಪ್ರಕಟಿಸಿದ ಬೀಟ್ರಿಕ್ಸ್ ಪಾಟರ್ ಮನೆಯೊಳಗೇ ಮೊಲ ಸಾಕಿದ್ದಳು, ದಾರ ಕಟ್ಟಿ ತಿರುಗಾಡಿಸ್ತಿದ್ದಳು. ಆದರೆ ಅಂಥವರು ಅಪರೂಪ. 1985ರಲ್ಲಿ ಕ್ಯಾಲಿಫೋರ್ನಿಯಾದ ಮೇರಿನೆಲ್ ಹ್ಯಾರಿಮನ್ ಮನೆಮೊಲದ ಕೈಪಿಡಿ ಬರೆದ ಮೇಲೆ, 1988ರಲ್ಲಿ ಹೌಸ್ ರ‍್ಯಾಬಿಟ್ ಸೊಸೈಟಿ ಶುರುವಾದ ಮೇಲೆ, ಬಿಟ್ಟು ಸಾಕಿದ್ರೆ ಮೊಲ ತಾನೇ ಒಂದು ಮೂಲೆ ಹಿಡೀತದೆ ಅನ್ನುವುದು ಸಾಮಾನ್ಯ ಜನಕ್ಕೆ ಗೊತ್ತಾಗ್ತಾ ಬಂತು. ಎರಡು ಸಾವಿರ ವರ್ಷ ಕಣ್ಣೆದುರೇ ಇಟ್ಟುಕೊಂಡು ಕಾಣದೇ ಇದ್ದದ್ದು ಇದು.

ಇನ್ನು ಗುಡ್ಡೆಗೆ ಬಿಡುವ ಮಾತು. ಆಸ್ಟ್ರೇಲಿಯಾದಲ್ಲಿ ಮೊಲ ಬಿಟ್ಟು ದೇಶವೇ ಹಾಳಾಯ್ತಲ್ಲ, ಅಂದ್ರೆ ಬದುಕ್ತವಲ್ಲ, ಅಂತ ಕೇಳುವವರಿದಾರೆ. ಅಲ್ಲಿಗೆ 1788ರ ಮೊದಲ ಹಡಗುಗಳಲ್ಲೇ ಸಾಕುಮೊಲ ಬಂದಿದ್ವು. ಎಪ್ಪತ್ತು ವರ್ಷ ಅವು ದೇಶ ತುಂಬಲೇ ಇಲ್ಲ. ತುಂಬಿದ್ದು 1859ರಲ್ಲಿ ಥಾಮಸ್ ಆಸ್ಟಿನ್ ಇಂಗ್ಲೆಂಡಿನಿಂದ ತರಿಸಿದ, ಕಾಡುರಕ್ತ ಇದ್ದ ಮೊಲಗಳ ಸಂತಾನ. ವಂಶವಾಹಿ ನೋಡಿ 2022ರಲ್ಲಿ ಇದನ್ನ ಖಾತ್ರಿ ಮಾಡಿದ್ರು. ಬಿಳಿ ಮೈ, ನಾಯಿ ಕಂಡರೆ ಓಡಲಿಕ್ಕೆ ಗೊತ್ತಿಲ್ಲ, ಹಣಕೋಣದ ಗುಡ್ಡದಲ್ಲಿ ಅದು ಒಂದು ರಾತ್ರಿ ಕಳೆದ್ರೆ ಹೆಚ್ಚು. ಅತ್ತೆಯವರಿಗೆ ಇದನ್ನೆಲ್ಲ ಹೇಳಿದೆ. "ಹಾಂಗಾದ್ರೆ ಒಂದು ತಿಂಗಳು ನೋಡುವ" ಅಂದ್ರು.

ತಿಂಗಳೊಳಗೆ ಮಾಡಿದ್ದು ಇಷ್ಟೇ. ಇಡೀ ಮನೆ ಬಿಡದೇ ಒಂದೇ ಕೋಣೆಲಿ ಇಟ್ಟದ್ದು. ಅದು ಉಚ್ಚೆ ಹೊಯ್ಯಲಿಕ್ಕೆ ಆರಿಸಿದ ಮೂಲೆಯಲ್ಲೇ ಅಗಲ ಟಬ್ ಇಟ್ಟದ್ದು, ನಮಗೆ ಅನುಕೂಲದ ಮೂಲೆಲಿ ಅಲ್ಲ. ತಳಕ್ಕೆ ಹಳೇ ಪೇಪರು, ಮೇಲೆ ಬೇಣದ ಒಣ ಕರಡ. ಮೊಲ ತಿನ್ತಾ ತಿನ್ತಾ ಹಿಕ್ಕೆ ಹಾಕುವ ಪ್ರಾಣಿ, ಹಾಂಗಾಗಿ ಹುಲ್ಲು ಟಬ್ಬಿನಲ್ಲೇ ಇರಬೇಕು. ಹೊರಗೆ ಬಿದ್ದ ಹಿಕ್ಕೆ ಗುಡಿಸಿ ಟಬ್ಬಿಗೇ ಹಾಕಬೇಕು, ಉಚ್ಚೆ ಬಿದ್ದ ನೆಲ ವಿನೆಗರ್ ಹಾಕಿ ಒರೆಸಬೇಕು. ಬೆಕ್ಕಿಗೆ ಮಾರುವ ಗಟ್ಟಿಯಾಗುವ ಮಣ್ಣು ಬೇಡ, ತಿಂದ್ರೆ ಹೊಟ್ಟೇಲಿ ಕಟ್ಟಿಕೊಳ್ತದೆ. ಬೈದ್ರೆ, ಹೊಡೆದ್ರೆ ಹೆದರ್ತದೆ, ಬೇರೇನೂ ಕಲಿಯುವುದಿಲ್ಲ. ಪ್ರಾಯಕ್ಕೆ ಬಂದ ಮೇಲೆ ಗುರುತು ಹಾಕುವುದು ಜಾಸ್ತಿ ಆಗ್ತದೆ. ಅದಕ್ಕೆ ಮೊಲ ನೋಡಿ ರೂಢಿ ಇದ್ದ ಪಶುವೈದ್ಯರ ಹತ್ತಿರ ಸಂತಾನಹರಣ ಮಾಡಿಸುವುದೇ ದಾರಿ.

ಮಳೆಗಾಲದಲ್ಲಿ ಪೇಪರು ದಿನಾ ಬದಲಿಸಬೇಕು, ಇಲ್ಲದಿದ್ರೆ ಮನೆಯೆಲ್ಲ ನಾತ. ತೆಗೆದ ಹಿಕ್ಕೆಯನ್ನ ಈಗ ಅತ್ತೆಯವರೇ ಮಲ್ಲಿಗೆ ಬುಡಕ್ಕೆ ಹಾಕ್ತಾರೆ, ಕೊಳೆಸುವ ಕೆಲಸವೂ ಇಲ್ಲ.