ಬಾನೆಟ್ ಗಾಳಿಕಿಂಡಿ

ಕ್ರೀಡಾಕಾರುಗಳ ಎಂಜಿನ್ ಕೋಣೆಯಲ್ಲಿ ಸಂಚಿತವಾಗುವ ಉಷ್ಣವಾಯುವನ್ನು ಹೊರಗೆಡಹುವುದಕ್ಕಾಗಿ ಬಾನೆಟ್ಟಿನಲ್ಲಿ ಕೊರೆದು ಅಳವಡಿಸುವ ನಿರ್ಗಮದ್ವಾರ. ಮುಂದಣ ಜಾಲರಿಯಿಂದ ಪ್ರವೇಶಿಸಿ ರೇಡಿಯೇಟರನ್ನು ಹಾದುಬಂದ ಗಾಳಿಗೆ ಹೊರಹೋಗುವ ಮಾರ್ಗವು ಸುಗಮವಾಗಿಲ್ಲದಿದ್ದರೆ, ಒಳಗೆ ಒತ್ತಡವೇರಿ ಹೊಸ ಗಾಳಿಯ ಪ್ರವಾಹವೇ ಕುಂಠಿತವಾಗುವುದರಿಂದ, ನಿರ್ಗಮವೂ ಪ್ರವೇಶದಷ್ಟೇ ಮುಖ್ಯವಾದುದು. ವೇಗದ ಚಲನೆಯಲ್ಲಿ ಬಾನೆಟ್ಟಿನ ಮುಂಭಾಗದ ಮೇಲೆ ಅಲ್ಪ ಒತ್ತಡವೂ ಮುಂಗಾಜಿನ ಬುಡದಲ್ಲಿ ಅಧಿಕ ಒತ್ತಡವೂ ಉಂಟಾಗುವ ಕಾರಣ, ಕಿಂಡಿಯನ್ನು ಗಾಜಿನ ಸಮೀಪದಲ್ಲಿಡದೆ ರೇಡಿಯೇಟರಿನ ಹಿಂಬದಿಗೇ ಇಡತಕ್ಕದ್ದು.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆಯು ಕಡಿಮೆಯಾಗಿರುವುದಲ್ಲದೆ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ದಟ್ಟಣೆಯಲ್ಲಿ ಕಾರು ತೆವಳುವಾಗ ಚಲನೆಯ ಗಾಳಿಯೂ ದೊರೆಯದೆ ಫ್ಯಾನನ್ನೇ ನಂಬಬೇಕಾಗುತ್ತದೆ. ಆಗ ಸಹಜವಾಗಿ ಮೇಲೇರುವ ಬಿಸಿಗಾಳಿಗೆ ಕಿಂಡಿಯು ದಾರಿಯಾಗುತ್ತದೆ. ಮೂಲ ಬಾನೆಟ್ಟನ್ನು ಕಾಪಾಡಿಕೊಂಡು, ಶಿವಾಜಿನಗರದ ಗುಜರಿ ಅಂಗಡಿಗಳಂಥ ಕಡೆ ಹಳೆಯದೊಂದನ್ನು ಅರಸಿ ತಂದು ಅದರಲ್ಲಿ ಕೊರೆಯುವುದು ವಿವೇಕ. ಒಳಗಣ ಬಲಪಟ್ಟಿಗಳನ್ನು ಕತ್ತರಿಸಬಾರದು. ಕೊರೆದ ಅಂಚಿಗೆ ತುಕ್ಕುನಿರೋಧಕ ಪ್ರೈಮರ್ ಬಳಿದು, ಮಳೆನೀರು ವಿದ್ಯುತ್ ಭಾಗಗಳ ಮೇಲೆ ಬೀಳದಂತೆ ಕೆಳಗೊಂದು ತಟ್ಟೆಯನ್ನು ಜೋಡಿಸಬೇಕು.

1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು, ನೋಂದಣಿಪತ್ರದ ವಿವರಗಳು ತಯಾರಕರ ಮೂಲ ನಿರ್ದೇಶಕ್ಕಿಂತ ಭಿನ್ನವಾಗುವಂಥ ಮಾರ್ಪಾಟನ್ನು ನಿಷೇಧಿಸಿರುವುದರಿಂದ, ಕೊರೆಯುವ ಮುನ್ನವೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಯುಕ್ತ.