ಮಗುವಿನ ಬೆಳವಣಿಗೆ: ಅಳತೆಯ ಚರಿತ್ರೆ

ನಮ್ಮ ಅನೇಕ ಮನೆಗಳಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದಲೋ ಸೀಸದ ಕಡ್ಡಿಯಿಂದಲೋ ಎಳೆದ ಕೆಲವು ಗೆರೆಗಳನ್ನು ಕಾಣಬಹುದು. ಯುಗಾದಿಗೋ ಹುಟ್ಟಿದ ಹಬ್ಬಕ್ಕೋ ಮಗುವನ್ನು ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮೇಲೆ ಪುಸ್ತಕವೊಂದನ್ನು ಮಟ್ಟಸವಾಗಿಟ್ಟು, ತಂದೆಯೋ ಸೋದರಮಾವನೋ ಎಳೆದ ಗೆರೆಗಳು ಅವು. ಮನೆಗೆ ಸುಣ್ಣ ಬಳಿಸುವಾಗಲೂ ಆ ಮೂಲೆಯನ್ನು ಅಳಿಸಲು ತಾಯಿಗೆ ಮನಸ್ಸು ಬಾರದು. ಈ ಹೊತ್ತು ನಾವು ಹೇಳಹೊರಟಿರುವುದು ಇಂಥ ಗೆರೆಗಳ ಚರಿತ್ರೆಯನ್ನೇ.

ಶುಶ್ರೂಷಾ ವಿದ್ಯೆಯನ್ನು ಕಲಿಯುವವರು ಕಂಠಪಾಠ ಮಾಡಬೇಕಾದ ಒಂದು ಪಟ್ಟಿಯುಂಟು. ಎರಡು ತಿಂಗಳೊಳಗೆ ಮಗು ಮುಖ ನೋಡಿ ನಗುವುದು; ಆರು ತಿಂಗಳ ಸುಮಾರಿಗೆ ಆಸರೆಯಿಲ್ಲದೆ ಕೂಡುವುದು; ವರ್ಷದ ಸುಮಾರಿಗೆ ತಪ್ಪುಹೆಜ್ಜೆಯಿಡುವುದು. ಹುಟ್ಟಿದಾಗಿನ ತೂಕ ಐದು ತಿಂಗಳಿಗೆ ಹೆಚ್ಚು ಕಡಮೆ ಎರಡರಷ್ಟಾಗುವುದು, ವರ್ಷಕ್ಕೆ ಮೂರರಷ್ಟಾಗುವುದು. ಪರೀಕ್ಷೆಯಲ್ಲಿ ಈ ಪಟ್ಟಿಯನ್ನು ತಪ್ಪಿಲ್ಲದೆ ಬರೆದವರಿಗೆ ಅಂಕ ದೊರೆಯುವುದೇನೋ ದಿಟ. ಆದರೆ ಈ ಪಟ್ಟಿಯನ್ನು ಮಾಡಿದವರು ಯಾರು, ಯಾವ ಮಕ್ಕಳನ್ನು ನೋಡಿ ಮಾಡಿದರು, ಯಾವ ಉದ್ದೇಶಕ್ಕಾಗಿ ಮಾಡಿದರು ಎಂಬ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಕೇಳದೆ ಹೋದುದರಿಂದ ಮಕ್ಕಳಿಗೂ ತಾಯಂದಿರಿಗೂ ಅನ್ಯಾಯವಾದುದುಂಟು.

ಬಾಲ್ಯವನ್ನು ಘಟ್ಟಗಳಾಗಿ ವಿಂಗಡಿಸುವುದು ನಮ್ಮವರಿಗೆ ಹೊಸತಲ್ಲ. ಸುಶ್ರುತ ಸಂಹಿತೆಯಲ್ಲಿ ಹದಿನಾರು ವರ್ಷ ತುಂಬುವವರೆಗಿನ ಬಾಲ್ಯವನ್ನು ಆಹಾರದ ಮೇಲೆ ಮೂರಾಗಿ ಒಡೆದಿದೆ. ಒಂದು ವರ್ಷದವರೆಗೆ ಹಾಲನ್ನೇ ಕುಡಿಯುವ ಕ್ಷೀರಪ. ಎರಡು ವರ್ಷದವರೆಗೆ ಹಾಲು ಅನ್ನಗಳೆರಡನ್ನೂ ಉಣ್ಣುವ ಕ್ಷೀರಾನ್ನಾದ. ಅಲ್ಲಿಂದ ಮುಂದೆ ಅನ್ನಾದ. ಆರನೆಯ ತಿಂಗಳ ಅನ್ನಪ್ರಾಶನವೂ ಇಂಥದೇ ಒಂದು ಗಡಿಕಲ್ಲು. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನೊಡನೆ ಬೇರೆ ಆಹಾರವನ್ನೂ ಕೊಡಬೇಕೆಂದು ಇಂದಿನ ವೈದ್ಯರು ಹೇಳುವುದನ್ನು ನೋಡಿದರೆ, ಹಿರಿಯರು ಕಣ್ಣಿಟ್ಟು ನೋಡಿದವರೇ ಸರಿ ಎನ್ನಿಸುತ್ತದೆ. ಮನೆಯ ಅಜ್ಜಿಯ ಬಾಯಲ್ಲಿಯಂತೂ ಘಟ್ಟಗಳಿಗೆ ಕೊರತೆಯೇ ಇಲ್ಲ. ಮಗುಚಿಕೊಳ್ಳುವುದು, ತೆವಳುವುದು, ಅಂಬೆಗಾಲಿಡುವುದು, ಹೊಸಿಲು ದಾಟುವುದು, ತೊದಲು ನುಡಿಯುವುದು, ಹೀಗೆ ಒಂದೊಂದಕ್ಕೂ ಒಂದೊಂದು ಮಾತು, ಒಂದೊಂದು ಸಂಭ್ರಮ. ಆದರೆ ಇವೆಲ್ಲ ಕ್ರಮವನ್ನು ಹೇಳುವ ಮಾತುಗಳು. ಒಂದೇ ಮಗುವನ್ನು ಹಿಡಿದು, ಕಾಲಕಾಲಕ್ಕೆ ಅಳೆದು, ಅಳತೆಯನ್ನು ಬರೆದಿಡುವ ಪದ್ಧತಿ ಬೇರೆ.

ಆ ಪದ್ಧತಿಗೆ ಮೊದಲ ಪ್ರಸಿದ್ಧ ನಿದರ್ಶನ ಫ್ರಾನ್ಸ್ ದೇಶದ್ದು. ಕೌಂಟ್ ಫಿಲಿಬೆರ್ ಗೆನೋ ದ ಮೊಂಬೆಯಾರ್ ಎಂಬಾತನು 1759ರಲ್ಲಿ ಹುಟ್ಟಿದ ತನ್ನ ಮಗನ ಎತ್ತರವನ್ನು ಸುಮಾರು ಆರಾರು ತಿಂಗಳಿಗೊಮ್ಮೆ ಅಳೆದು ಬರೆದಿಡುತ್ತ ಬಂದನು. ಹದಿನೆಂಟು ವರ್ಷಗಳ ಕಾಲ ಈ ವ್ರತ ನಡೆಯಿತು. ಪ್ರಕೃತಿಶಾಸ್ತ್ರಜ್ಞನಾದ ಬ್ಯುಫೋನನು ತನ್ನ ಗೆಳೆಯನ ಈ ಲೆಕ್ಕವನ್ನು 1777ರಲ್ಲಿ ತನ್ನ ಮಹಾಗ್ರಂಥದ ಅನುಬಂಧದಲ್ಲಿ ಅಚ್ಚು ಮಾಡಿಸಿದನು. ಹುಡುಗ ಚಳಿಗಾಲಕ್ಕಿಂತ ಬೇಸಗೆಯಲ್ಲಿ ಹೆಚ್ಚಾಗಿ ಬೆಳೆಯುತ್ತಿದ್ದನೆಂಬ ಸಂಗತಿಯೂ ಅದರಿಂದ ಬೆಳಕಿಗೆ ಬಂತು. ಆದರೆ ಅಂಕಿಗಳು ಅಂಕಿಗಳಾಗಿಯೇ ಉಳಿದವು. ನೂರೈವತ್ತು ವರ್ಷಗಳ ತರುವಾಯ, 1927ರಲ್ಲಿ, ಅಮೆರಿಕದ ಸ್ಕ್ಯಾಮನ್ ಎಂಬ ಅಂಗರಚನಾಶಾಸ್ತ್ರಜ್ಞನು ಅವನ್ನು ರೇಖಾಚಿತ್ರವಾಗಿ ಬರೆದು ತೋರಿಸಿದನು. ಹುಟ್ಟಿದ ಹೊಸತರಲ್ಲಿ ಬೆಳವಣಿಗೆಯ ವೇಗ ಅತಿಶಯವಾಗಿರುತ್ತದೆ. ವರ್ಷ ವರ್ಷಕ್ಕೂ ಅದು ಇಳಿಯುತ್ತ ಬರುತ್ತದೆ. ಹರೆಯದ ಹೊಸಿಲಿನಲ್ಲಿ ಮತ್ತೊಮ್ಮೆ ಏರಿ, ಅನಂತರ ನಿಲ್ಲುತ್ತದೆ. ಇಂದು ಪಠ್ಯಪುಸ್ತಕಗಳಲ್ಲೆಲ್ಲ ಕಾಣುವ ಈ ಏರಿಳಿತ, ಒಬ್ಬ ತಂದೆಯ ತಾಳ್ಮೆಯ ಫಲವಾಗಿ ಮೊದಲು ಕಣ್ಣಿಗೆ ಬಿದ್ದಿತು.

ಒಂದು ಮಗುವಿನ ಅಳತೆಯಿಂದ ಸಾವಿರ ಮಕ್ಕಳ ಅಳತೆಗೆ ಹೋದಾಗ ಕಥೆಯ ಬಣ್ಣವೇ ಬೇರೆಯಾಗುತ್ತದೆ. ಫ್ರಾನ್ಸಿನ ವೈದ್ಯ ವಿಲ್ಲೆರ್ಮೆ 1829ರಲ್ಲಿ ತನ್ನ ದೇಶದ ಜನರ ಎತ್ತರವನ್ನು ವಿಚಾರಿಸಿ, ಜನ ಉಂಡುಟ್ಟು ಸುಖವಾಗಿರುವ ಕಡೆ ಎತ್ತರ ಹೆಚ್ಚೆಂದೂ ಬಡತನ ಮತ್ತು ಚಿಕ್ಕಂದಿನ ದುಡಿಮೆ ಎತ್ತರವನ್ನು ಕುಗ್ಗಿಸುವುವೆಂದೂ ಸಾರಿದನು. ಇಂಗ್ಲೆಂಡಿನಲ್ಲಿ ಆಗ ನೂಲಿನ ಗಿರಣಿಗಳಲ್ಲಿ ಎಳೆಯ ಮಕ್ಕಳು ದುಡಿಯುತ್ತಿದ್ದ ಕಾಲ. 1833ರ ಕಾಯಿದೆಯು ಹೆಚ್ಚಿನ ಬಟ್ಟೆಗಿರಣಿಗಳಲ್ಲಿ ಒಂಬತ್ತು ವರ್ಷಕ್ಕೆ ಕಡಮೆಯಾದ ಮಕ್ಕಳನ್ನು ಕೆಲಸಕ್ಕೆ ಹಚ್ಚಕೂಡದೆಂದು ವಿಧಿಸಿತು. ಒಂಬತ್ತರಿಂದ ಹದಿಮೂರರವರೆಗಿನವರಿಗೆ ವಾರಕ್ಕೆ 48 ಗಂಟೆಗಳೆಂದು ಮಿತಿ ಹಾಕಿತು. ಆದರೆ ಮಗುವಿಗೆ ಒಂಬತ್ತು ತುಂಬಿತೆಂದು ತಿಳಿಯುವ ಬಗೆ ಹೇಗೆ? ಸರ್ಕಾರದ ಜನನ ದಾಖಲೆ ಆ ದೇಶದಲ್ಲಿ ಆರಂಭವಾದುದೇ 1837ರಲ್ಲಿ. ಮಗುವಿಗೆ ಆ ವಯಸ್ಸಿನವರ ಸಾಮಾನ್ಯವಾದ ಶಕ್ತಿಯೂ ಚಹರೆಯೂ ಇದೆಯೆಂದು ವೈದ್ಯನು ಬರೆದುಕೊಟ್ಟರೆ ಸಾಕಾಗಿತ್ತು. ಹೀಗಾಗಿ ಎತ್ತರವೇ ವಯಸ್ಸಿಗೆ ಸಾಕ್ಷಿಯಾಯಿತು. ಎಂಟು ವರ್ಷದ ಮಗು ತುಸು ಎತ್ತರವಾಗಿದ್ದುದೇ ಅದರ ಪಾಲಿಗೆ ಕೇಡಾಗಬಹುದಾಗಿತ್ತು. ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯನು ಸಾವಿರಕ್ಕೂ ಮಿಕ್ಕ ಮಕ್ಕಳ ಬಾಯನ್ನು ಪರೀಕ್ಷಿಸಿ, ವಯಸ್ಸನ್ನು ತಿಳಿಯಲು ಎತ್ತರಕ್ಕಿಂತ ಹಲ್ಲುಗಳೇ ನಂಬತಕ್ಕವು ಎಂದು 1837ರಲ್ಲಿ ಪಾರ್ಲಿಮೆಂಟಿಗೆ ನಿವೇದಿಸಿದನು. ಮಗುವಿನ ಬೆಳವಣಿಗೆಯ ಘಟ್ಟವೆಂಬುದು ಶಾಸ್ತ್ರದ ಮಾತಾಗುವ ಮೊದಲೇ, ಆ ಮಗು ನಾಳೆ ಮುಂಜಾನೆ ಗಿರಣಿಗೆ ಹೋಗಬೇಕೆ ಬೇಡವೆ ಎಂಬುದನ್ನು ತೀರ್ಮಾನಿಸುವ ಮಾತಾಗಿತ್ತು.

ಇದು ದೇಹದ ಮಾತಾಯಿತು. ಮನಸ್ಸಿನ ಬೆಳವಣಿಗೆಯನ್ನು ಬರೆದಿಟ್ಟವರೂ ಮೊದಲು ತಂದೆಯರೇ. ಚಾರ್ಲ್ಸ್ ಡಾರ್ವಿನ್ನನು 1839ರ ಡಿಸೆಂಬರಿನಲ್ಲಿ ಹುಟ್ಟಿದ ತನ್ನ ಚೊಚ್ಚಲ ಮಗನ ನಡೆವಳಿಕೆಯನ್ನು ದಿನಚರಿಯಲ್ಲಿ ಬರೆದಿಟ್ಟಿದ್ದು, 1877ರಲ್ಲಿ ಅದನ್ನು ಆಧರಿಸಿ ಒಂದು ಲೇಖನವನ್ನು ಪ್ರಕಟಿಸಿದನು. ಕೂಸು ನಿಜವಾಗಿ ನಕ್ಕುದು 45ನೆಯ ದಿನವೆಂದೂ, ತನ್ನ ಇನ್ನೊಂದು ಕೂಸು 46ನೆಯ ದಿನ ನಕ್ಕಿತೆಂದೂ ಅವನು ಗುರುತಿಸಿದ್ದಾನೆ. ನಮ್ಮ ಪಟ್ಟಿಯ ಮೊದಲ ಸಾಲಿನೊಡನೆ ಇದನ್ನು ಹೋಲಿಸಿ ನೋಡಬಹುದು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಇಪ್ಪತ್ತನೆಯ ಶತಮಾನದಲ್ಲಿ ತನ್ನ ಮೂವರು ಮಕ್ಕಳ ಆಟವನ್ನು ಇದೇ ಬಗೆಯಲ್ಲಿ ನೋಡಿದನು. ಆಟದ ವಸ್ತುವನ್ನು ಬಟ್ಟೆಯ ಕೆಳಗೆ ಮರೆಮಾಡಿದರೆ, ತೀರ ಎಳೆಯ ಕೂಸು ಅದನ್ನು ಹುಡುಕದು. ಎಂಟೊಂಬತ್ತು ತಿಂಗಳ ಸುಮಾರಿನಲ್ಲಿ ಬಟ್ಟೆಯನ್ನು ಎತ್ತಿ ನೋಡುವುದು. ಕಣ್ಣಿಗೆ ಕಾಣದಿದ್ದುದೂ ಇದ್ದೇ ಇರುತ್ತದೆಂಬ ತಿಳಿವಳಿಕೆ ಆಗ ಮೂಡಿತೆಂದು ಅವನ ಅಭಿಪ್ರಾಯ. ಈ ತಿಳಿವಳಿಕೆ ಇನ್ನೂ ಮೊದಲೇ ಮೊಳೆಯುವುದೆಂದು ಅನಂತರದ ಸಂಶೋಧಕರು ತೋರಿಸಿರುವರು. ಅದೇನೇ ಇರಲಿ, ತಾಯಿ ಬಾಗಿಲಾಚೆ ಹೋದರೂ ಎಲ್ಲಿಯೋ ಇದ್ದಾಳೆಂದು ಮಗು ಅರಿಯುತ್ತದೆ. ಆದರೆ ನಾಳೆ ಬರುತ್ತಾಳೆ, ನಾಳಿದ್ದು ಬರುತ್ತಾಳೆ ಎಂಬ ಕಾಲದ ಲೆಕ್ಕ ಅದಕ್ಕೆ ಇನ್ನೂ ಬಂದಿರುವುದಿಲ್ಲ.

ಈ ಒಂದು ಸಂಗತಿಯಿಂದ ಆಸ್ಪತ್ರೆಗಳ ಚರಿತ್ರೆಯೇ ಬದಲಾಯಿತೆಂದರೆ ಅತಿಶಯೋಕ್ತಿಯಲ್ಲ. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಮಗುವನ್ನು ಒಳಗೆ ಸೇರಿಸಿಕೊಂಡರೆ, ತಂದೆತಾಯಿಗಳು ವಾರಕ್ಕೆ ಒಮ್ಮೆಯೋ ಎರಡು ಸಲವೋ ಬಂದು ನೋಡಬಹುದಾಗಿತ್ತು. ತಾಯಿ ಬಂದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ. ಆದುದರಿಂದ ಬಾರದಿರುವುದೇ ಮೇಲೆಂದು ಬಗೆಯುತ್ತಿದ್ದರು. ಜೇಮ್ಸ್ ರಾಬರ್ಟ್‌ಸನ್ ಎಂಬಾತನು ಎರಡು ವರ್ಷದ ಮಗುವೊಂದು ಎಂಟು ದಿನ ಆಸ್ಪತ್ರೆಯಲ್ಲಿದ್ದುದನ್ನು ಚಲಚ್ಚಿತ್ರದಲ್ಲಿ ಸೆರೆಹಿಡಿದು 1952ರಲ್ಲಿ ವೈದ್ಯರ ಮುಂದೆ ತೋರಿಸಿದನು. ಮೊದಲು ಪ್ರತಿಭಟನೆ, ಅನಂತರ ನಿರಾಶೆ, ಕೊನೆಗೆ ತಾಯಿ ಬಂದರೂ ಮುಖ ತಿರುಗಿಸುವ ಒಂದು ಬಗೆಯ ಅಲಿಪ್ತತೆ, ಇವು ಮೂರು ಮೆಟ್ಟಿಲುಗಳೆಂದು ಆತನೂ ಅವನ ಸಹೋದ್ಯೋಗಿ ಬೌಲ್ಬಿಯೂ ವಿವರಿಸಿದರು. ವಾರ್ಡಿನಲ್ಲಿ ಎಲ್ಲರೂ ಮೆಚ್ಚುತ್ತಿದ್ದ ಆ ‘ಒಳ್ಳೆಯ ಮಗು’ವಿನ ಮೌನ, ನೆಮ್ಮದಿಯ ಮೌನವಲ್ಲ ಎಂಬುದೇ ಇದರ ತಾತ್ಪರ್ಯ. ವೈದ್ಯರೂ ದಾದಿಯರೂ ಮೊದಲು ಸಿಟ್ಟಾದರು. ಹಗಲಿರುಳು ಮಕ್ಕಳ ಸೇವೆ ಮಾಡಿದವರಿಗೆ ಈ ಮಾತು ನೋಯಿಸಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ 1959ರಲ್ಲಿ ಪ್ಲಾಟ್ ಸಮಿತಿಯು, ತಂದೆತಾಯಿಗಳು ಬಂದು ನೋಡಲು ಹೊತ್ತಿನ ಕಟ್ಟುಪಾಡು ಇರಕೂಡದು, ಎಳೆಯ ಮಕ್ಕಳೊಡನೆ ತಾಯಿಗೂ ಸ್ಥಳ ಮಾಡಿಕೊಡಬೇಕು ಎಂದು ಸರ್ಕಾರಕ್ಕೆ ಶಿಫಾರಸು ಮಾಡಿತು. ಮಗುವಿನ ಜ್ವರದ ಪಟ್ಟಿಯೂ ತೂಕದ ಪಟ್ಟಿಯೂ ಸರಿಯಾಗಿದ್ದಾಗಲೇ ಈ ನೋವು ನಡೆದಿತ್ತು. ತಕ್ಕಡಿಗೆ ಅದು ಕಾಣುವಂಥದಲ್ಲ.

ತಕ್ಕಡಿಗೆ ಕಾಣುವ ವಿಷಯದಲ್ಲಿಯೂ ತಪ್ಪುಗಳಾದುವು. 1970ರ ದಶಕದ ಕೊನೆಯಿಂದ ವಿಶ್ವ ಆರೋಗ್ಯ ಸಂಸ್ಥೆಯು ಲೋಕದ ಎಲ್ಲ ಮಕ್ಕಳನ್ನು ಹೋಲಿಸಲು ಅಮೆರಿಕದ ಪಟ್ಟಿಯೊಂದನ್ನು ಬಳಕೆಗೆ ತಂದಿತು. ಆ ಪಟ್ಟಿಯಲ್ಲಿ ಕೂಸುಗಳ ಭಾಗಕ್ಕೆ ಆಧಾರವಾದವರು ಒಹಾಯೋ ಸಂಸ್ಥಾನದ ಒಂದು ಊರಿನ ಸುತ್ತಿನ ಮಕ್ಕಳು. ಅವರಲ್ಲಿ ಬಹುಮಂದಿ ಸೀಸೆಯ ಹಾಲಿನಿಂದ ಬೆಳೆದವರು. ಎದೆಹಾಲು ಕುಡಿಯುವ ಕೂಸು ಮೊದಲ ಕೆಲವು ತಿಂಗಳು ಚೆನ್ನಾಗಿ ತೂಗಿ, ಅನಂತರ ಸೀಸೆಯ ಕೂಸಿಗಿಂತ ತುಸು ನಿಧಾನವಾಗಿ ತೂಕ ಗಳಿಸುವುದು ಸಹಜ. ಆದರೆ ಈ ಪಟ್ಟಿಯ ಮೇಲೆ ಅಂಥ ಕೂಸು ಹಿಂದೆ ಬಿದ್ದಂತೆ ತೋರುತ್ತಿತ್ತು. ನಿನ್ನ ಹಾಲು ಸಾಲದು ಎಂಬ ಮಾತನ್ನು ಆರೋಗ್ಯವಂತ ಮಗುವಿನ ತಾಯಿಯೂ ಕೇಳಬೇಕಾಗಿ ಬರುವ ಅಪಾಯ ಅದರಲ್ಲಿತ್ತು. ತಪ್ಪು ಹಾಲಿನದಲ್ಲ, ಅಳತೆಗೋಲಿನದು.

ಅದನ್ನು ತಿದ್ದಲು 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆದರು. ನಮ್ಮ ದೇಶದಲ್ಲಿ ದಕ್ಷಿಣ ದೆಹಲಿಯನ್ನು ಆರಿಸಿಕೊಂಡರು. ಮಗುವಿಗೆ ಎದೆಹಾಲು ದೊರೆಯಬೇಕು, ತಾಯಿ ಹೊಗೆಬತ್ತಿ ಸೇದದವಳಾಗಿರಬೇಕು, ಬೆಳವಣಿಗೆಗೆ ಬಡತನ ಅಡ್ಡಿಯಾಗಿರಬಾರದು ಎಂಬಂಥ ನಿಯಮಗಳಿದ್ದುವು. ಮಕ್ಕಳು ಹೇಗೆ ಬೆಳೆಯುತ್ತಿದ್ದಾರೆ ಎಂಬುದನ್ನಲ್ಲ, ಅನುಕೂಲವಿದ್ದರೆ ಹೇಗೆ ಬೆಳೆಯಬಲ್ಲರು ಎಂಬುದನ್ನು ಅರಿಯುವುದು ಉದ್ದೇಶ. ಫಲಿತಾಂಶ ಮನನೀಯವಾದುದು. ಉದ್ದದಲ್ಲಿ ಕಂಡ ವ್ಯತ್ಯಾಸದ ನೂರಕ್ಕೆ 70 ಭಾಗ ಮಗುವಿಗೂ ಮಗುವಿಗೂ ನಡುವಿನದು. ದೇಶ ದೇಶಗಳ ನಡುವಿನದು ನೂರಕ್ಕೆ ಮೂರೇ ಭಾಗ. ನಮ್ಮ ಬಡಮಕ್ಕಳು ಗಿಡ್ಡಗಿರುವುದು ನಾಡಿನ ಗುಣವೆಂದು ಹೇಳಿ ಕೈತೊಳೆದುಕೊಳ್ಳುವುದಕ್ಕೆ ಇನ್ನು ಎಡೆಯಿಲ್ಲ. ವಿಲ್ಲೆರ್ಮೆ 1829ರಲ್ಲಿ ಆಡಿದ ಮಾತಿಗೆ ಇದು ದೊಡ್ಡದೊಂದು ಸಮರ್ಥನೆಯೇ ಆಯಿತು.

ಅದೇ ಸಂಶೋಧನೆಯ ಅಂಗವಾಗಿ ಐದು ದೇಶಗಳಲ್ಲಿ ಮಕ್ಕಳ ಚಲನೆಯನ್ನೂ ಪರೀಕ್ಷಿಸಿದರು. ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯತೊಡಗಿದುದು ಎಂಟು ತಿಂಗಳಿನಿಂದ ಹದಿನೇಳೂವರೆ ತಿಂಗಳವರೆಗೆ ಹರಡಿಕೊಂಡಿತ್ತು. ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲನ್ನೇ ಇಡದೆ ನೇರವಾಗಿ ಮುಂದಿನ ಘಟ್ಟಕ್ಕೆ ಹೋದರು. ವರ್ಷ ತುಂಬಿದ ದಿನ ಪಕ್ಕದ ಮನೆಯ ಮಗು ಓಡಾಡುತ್ತಿದೆ, ನಮ್ಮದು ಗೋಡೆ ಹಿಡಿದೇ ಇದೆ ಎಂದು ಕೊರಗುವ ತಾಯಿಗೆ ಈ ಅಂಕಿಗಳನ್ನು ತಿಳಿಸಿ ಹೇಳುವುದೂ ಶುಶ್ರೂಷೆಯೇ. ಹಾಗೆಂದು, ಹದಿನೆಂಟು ತಿಂಗಳಾದರೂ ನಡೆಯದ ಮಗುವನ್ನು ವೈದ್ಯರಿಗೆ ತೋರಿಸದಿರುವುದು ಕೂಡದು. ಸಮಾಧಾನ ಹೇಳುವುದೆಲ್ಲಿ, ಎಚ್ಚರಿಸುವುದೆಲ್ಲಿ ಎಂಬ ವಿವೇಕಕ್ಕಾಗಿಯೇ ಪಟ್ಟಿಯನ್ನು ಕಲಿಯತಕ್ಕದ್ದು.

ನಮ್ಮ ನಾಡಿಗೂ ಈ ಚರಿತ್ರೆಯಲ್ಲಿ ಒಂದು ಪುಟವುಂಟು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ಕರ್ನಾಟಕದಲ್ಲಿ ಅದು ನೆಲೆಗೊಂಡುದು ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರದಲ್ಲಿ, ನೂರು ಅಂಗನವಾಡಿಗಳೊಡನೆ. ಅಂದಿನಿಂದ ಹಳ್ಳಿಯ ಮಗುವೂ ತಕ್ಕಡಿ ಏರತೊಡಗಿತು. 2008ರಿಂದ ನಮ್ಮ ಅಂಗನವಾಡಿಗಳಿಗೆ ಆರು ದೇಶಗಳ ಆ ಹೊಸ ಮಾನವನ್ನೇ ಗೊತ್ತುಮಾಡಿದರು. ಹಸಿರು, ಹಳದಿ, ಕಿತ್ತಳೆ ಬಣ್ಣಗಳ ಪಟ್ಟೆಗಳ ಮೇಲೆ ಕಾರ್ಯಕರ್ತೆಯು ಒಂದು ಚುಕ್ಕೆಯಿಡುತ್ತಾಳೆ. ಒಂದೇ ಚುಕ್ಕೆಯಿಂದ ಹೆಚ್ಚೇನೂ ತಿಳಿಯದು. ಮುಂದಿನ ತಿಂಗಳು ಇನ್ನೊಂದನ್ನಿಟ್ಟು ಎರಡನ್ನೂ ಗೆರೆಯಿಂದ ಕೂಡಿಸಿದಾಗ, ಮಗು ಏರುತ್ತಿದೆಯೋ ನಿಂತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಹಸಿರಿನಲ್ಲಿದ್ದೂ ಇಳಿಯುತ್ತಿರುವ ಮಗುವಿನ ಮನೆಗೆ ಹೋಗಿ ವಿಚಾರಿಸಬೇಕಾಗಬಹುದು; ಹಳದಿಯಲ್ಲಿದ್ದೂ ಏರುತ್ತಿರುವ ಮಗುವಿನ ತಾಯಿಗೆ ಒಂದು ಮೆಚ್ಚುಗೆಯ ಮಾತು ಸಲ್ಲಬೇಕು.

ಮೊಂಬೆಯಾರನ ಲೆಕ್ಕದ ಬೆಲೆಯಿದ್ದುದೂ ಇದರಲ್ಲಿಯೇ. ಅವನು ಮಗನನ್ನು ಅಳೆದುದು ಒಮ್ಮೆಯಲ್ಲ. ಗಿರಣಿಯ ಮಕ್ಕಳಿಗಾದರೋ ಒಂದೇ ದಿನದ ಅಳತೆ ತೀರ್ಪಾಗಿ ಪರಿಣಮಿಸಿತು. ನಮ್ಮ ಶುಶ್ರೂಷಾ ವಿದ್ಯಾರ್ಥಿಗಳು ನಾಳೆ ವಾರ್ಡಿನಲ್ಲಿ ಮಗುವಿನ ತೂಕವನ್ನು ಬರೆಯುವಾಗ, ಹಿಂದಿನ ತೂಕವೆಷ್ಟಿತ್ತೆಂದು ಒಮ್ಮೆ ತಿರುವಿ ನೋಡಲಿ. ಬರೆದ ಮೇಲೆ ಮಗುವಿನ ಮುಖವನ್ನೂ ಒಮ್ಮೆ ನೋಡಲಿ. ಉಳಿದ ನಾವೆಲ್ಲರೂ ಮನೆಯ ಚೌಕಟ್ಟಿನ ಗೆರೆಗಳ ಮುಂದೆ ನಿಂತಾಗ, ಮಗುವಿನ ಈ ವರುಷದ ಗೆರೆಯನ್ನು ಅದರ ಹೋದ ವರುಷದ ಗೆರೆಯೊಡನೆ ಹೋಲಿಸಿ ನೋಡೋಣ. ಅಣ್ಣನ ಗೆರೆಯೊಡನೆ ಬೇಡ.