ಪೆನ್ ಡ್ರೈವ್ ಸುಡುತ್ತಿರೋದು ಕಂಪ್ಯೂಟರಾ? ಮೂರನೆಯದನ್ನು ಹಾಕುವ ಮೊದಲು ಇಷ್ಟು ನೋಡಿ

ಹೊಸಪೇಟೆ: ಪೆನ್ ಡ್ರೈವ್ ಹಾಕಿದ ಕೂಡಲೇ ಬಿಸಿಯಾಯ್ತು, ಆಮೇಲೆ ಯಾವ ಕಂಪ್ಯೂಟರ್‌ನಲ್ಲೂ ಓಪನ್ ಆಗ್ಲಿಲ್ಲ. ಪೆನ್ ಡ್ರೈವೇ ಸರಿ ಇಲ್ಲ ಅಂತ ಇನ್ನೊಂದು ಹಾಕಿದ್ರೆ ಅದೂ ಹೋಯ್ತು. ಹೀಗಾದಾಗ ಬಹಳ ಜನ ಮಾಡುವ ಕೆಲಸ ಮೂರನೆಯದನ್ನು ಹಾಕಿ ನೋಡುವುದು. ಅಲ್ಲೇ ನಿಲ್ಲಿಸಬೇಕು. ಒಂದು ಪೆನ್ ಡ್ರೈವ್ ಹೋದರೆ ಅದರದೇ ದೋಷ ಇರಬಹುದು. ಒಂದೇ ಕಂಪ್ಯೂಟರ್‌ನಲ್ಲಿ ಎರಡು ಹೋದರೆ ಅನುಮಾನ ಪಡಬೇಕಾದ್ದು ಕಂಪ್ಯೂಟರ್ ಮೇಲೆ.

ಮನೆಯಲ್ಲಾದರೆ ನಷ್ಟ ಒಬ್ಬರದು. ಡಿಟಿಪಿ ಅಂಗಡಿ, ಫೋಟೋ ಸ್ಟುಡಿಯೋ, ಗ್ರಾಮ ಒನ್ ಕೇಂದ್ರಗಳಲ್ಲಿ ಹಾಗಲ್ಲ. ಗ್ರಾಹಕರು ಕೊಟ್ಟ ಪೆನ್ ಡ್ರೈವ್‌ನಲ್ಲಿ ಮದುವೆ ಫೋಟೋ ಇರಬಹುದು, ಹಂಪಿ ಕನ್ನಡ ವಿಶ್ವವಿದ್ಯಾಲಯಕ್ಕೆ ಸಲ್ಲಿಸಬೇಕಾದ ಸಂಶೋಧನಾ ಪ್ರಬಂಧ ಇರಬಹುದು. ಬೆರಳಚ್ಚು ತೆಗೆದುಕೊಳ್ಳುವ ಯಂತ್ರ ಸುಟ್ಟರೆ ಸಾಲಿನಲ್ಲಿ ನಿಂತವರ ಅವತ್ತಿನ ಕೆಲಸವೇ ನಿಂತುಹೋಗುತ್ತದೆ.

ಸುಟ್ಟಿದೆಯೋ, ಫೈಲ್ ಕೆಟ್ಟಿದೆಯೋ?

ಮೊದಲು ಇದು ಗೊತ್ತಾಗಬೇಕು. ಇನ್ನೊಂದು ಕಂಪ್ಯೂಟರ್‌ಗೆ ಹಾಕಿದಾಗ ‘ಫಾರ್ಮ್ಯಾಟ್ ಮಾಡಿ’ ಅಂತ ಕೇಳಿದರೆ ಪೆನ್ ಡ್ರೈವ್ ಇನ್ನೂ ಬದುಕಿದೆ, ಒಳಗಿನ ಫೈಲ್ ವ್ಯವಸ್ಥೆ ಮಾತ್ರ ಕೆಟ್ಟಿದೆ. ಕಾಪಿ ಆಗುವಾಗಲೇ ಕಿತ್ತರೆ ಅಥವಾ ಕರೆಂಟ್ ಹೋದರೆ ಹೀಗಾಗುತ್ತದೆ. ಆಗ ಫಾರ್ಮ್ಯಾಟ್ ಮಾಡಬೇಡಿ, ರಿಕವರಿ ಸಾಫ್ಟ್‌ವೇರ್‌ನಿಂದ ಫೈಲ್ ವಾಪಸ್ ಸಿಗುವ ಸಾಧ್ಯತೆ ಇದೆ. ಫೈಲ್‌ಗಳ ಬದಲು ಬರೀ ಶಾರ್ಟ್‌ಕಟ್ ಕಾಣಿಸಿದರೆ ಅದು ಬಹುಮಟ್ಟಿಗೆ ವೈರಸ್ ಕಾಟ. ಲೈಟ್ ಹತ್ತುವುದಿಲ್ಲ, ಸದ್ದೂ ಬರುವುದಿಲ್ಲ, ಕೈ ಸುಡುವಷ್ಟು ಬಿಸಿ ಅಥವಾ ಸುಟ್ಟ ವಾಸನೆ ಇದ್ದರೆ ಮಾತ್ರ ಅದು ಕರೆಂಟ್‌ನಿಂದ ಆದ ಹಾನಿ.

ಯಾವುದು ಹೋಯ್ತು, ಯಾವ ಪೋರ್ಟ್‌ನಲ್ಲಿ?

ಯುಎಸ್‌ಬಿ ಪೋರ್ಟ್‌ನಲ್ಲಿ 4 ತಂತಿ ಮುಖ್ಯ. ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಬಿಳಿ ಮತ್ತು ಹಸಿರು ಡೇಟಾಕ್ಕೆ. ಪೋರ್ಟ್‌ನಲ್ಲಿ 4.75ರಿಂದ 5.25 ವೋಲ್ಟ್ ಒಳಗಿದ್ದರೆ ಸರಿ. ಇದಕ್ಕಿಂತ ಬಹಳ ಹೆಚ್ಚಾದರೆ, ಇಲ್ಲವೇ ಪ್ಲಸ್ ಮೈನಸ್ ಅದಲುಬದಲಾದರೆ ಒಳಗಿನ ಚಿಪ್ ಕ್ಷಣದಲ್ಲಿ ಹೋಗುತ್ತದೆ. ಹೋದ ಸಾಮಾನುಗಳನ್ನು ಒಮ್ಮೆ ನೆನಪು ಮಾಡಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮುಂದಿನ ಪೋರ್ಟ್‌ನಲ್ಲಿ ಹಾಕಿದ್ದು ಮಾತ್ರ ಹೋಗಿದ್ದರೆ: ದೋಷ ಮುಂದಿನ ಪೋರ್ಟ್ ಅಥವಾ ಅದರ ವೈರಿಂಗ್‌ನಲ್ಲಿದೆ. ಕ್ಯಾಬಿನೆಟ್ ಬದಲಿಸಿದ ಮೇಲೆ ಅಥವಾ ರಿಪೇರಿಗೆ ಕೊಟ್ಟು ತಂದ ಮೇಲೆ ಶುರುವಾಗಿದ್ದರೆ ಇದನ್ನೇ ಮೊದಲು ನೋಡಿ. ಹಳೆ ಕ್ಯಾಬಿನೆಟ್‌ಗಳಲ್ಲಿ ಒಂದೊಂದು ತಂತಿಯನ್ನೂ ಬಿಡಿಬಿಡಿಯಾಗಿ ಮದರ್‌ಬೋರ್ಡ್‌ಗೆ ಸಿಕ್ಕಿಸಬೇಕಿತ್ತು, ತಪ್ಪುವುದು ಸುಲಭ. ಇನ್ನೊಂದು ಅಪಾಯ, ಹಳೆ ಬೋರ್ಡ್‌ಗಳಲ್ಲಿದ್ದ ಫೈರ್‌ವೈರ್ ಕನೆಕ್ಟರ್. ನೋಡಲು ಯುಎಸ್‌ಬಿ ಕನೆಕ್ಟರ್ ತರಾನೇ ಇರುತ್ತದೆ, ಆದರೆ ಅದರಲ್ಲಿ ಬರುವುದು 12 ವೋಲ್ಟ್. ಪೋರ್ಟ್ ಒಳಗಿನ ಪ್ಲಾಸ್ಟಿಕ್ ನಾಲಿಗೆ ಮುರಿದು ಪಿನ್‌ಗಳು ಒಂದಕ್ಕೊಂದು ತಾಗುತ್ತಿದ್ದರೂ ಶಾರ್ಟ್ ಆಗುತ್ತದೆ. ಟಾರ್ಚ್ ಹಾಕಿ ನೋಡಿದರೆ ಕಾಣಿಸುತ್ತದೆ.

ಹಿಂದೆ ಮುಂದೆ ಎಲ್ಲ ಪೋರ್ಟ್‌ಗಳಲ್ಲೂ ಹೋಗುತ್ತಿದ್ದರೆ: ಅನುಮಾನ ಎಸ್‌ಎಂಪಿಎಸ್ ಮೇಲೆ, ಆಮೇಲೆ ಮದರ್‌ಬೋರ್ಡ್ ಮೇಲೆ. ಅಗ್ಗದ ಅಥವಾ ವರ್ಷಗಟ್ಟಲೆ ಹಳೆಯ ಎಸ್‌ಎಂಪಿಎಸ್‌ನಲ್ಲಿ ಕೆಪಾಸಿಟರ್ ಉಬ್ಬಿ 5 ವೋಲ್ಟ್ ಲೈನ್ ಏರುಪೇರಾಗುತ್ತದೆ. ಬೇಸಿಗೆಯ ಬಿಸಿ ಮತ್ತು ಸಂಡೂರು ಕಡೆಯ ಅದಿರಿನ ಕೆಂಪು ದೂಳು ಫ್ಯಾನ್ ಕಟ್ಟಿಹಾಕಿ ಅದರ ಆಯಸ್ಸು ಇನ್ನೂ ಕಡಿಮೆ ಮಾಡುತ್ತವೆ.

ಪ್ರಿಂಟರ್, ಸ್ಕ್ಯಾನರ್‌ನಂಥ ಸ್ವಂತ ಪ್ಲಗ್ ಇರುವ ಸಾಮಾನು ಮಾತ್ರ ಹೋಗುತ್ತಿದ್ದರೆ: ಅರ್ಥಿಂಗ್ ನೋಡಿಸಿ.

ಜುಮ್ ಅಂದರೆ ಅರ್ಥಿಂಗ್ ಇಲ್ಲ ಅಂತ ಅರ್ಥ

ಸಿಪಿಯು ಬಾಕ್ಸ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆಯೇ? ‘ಅದು ಮೊದಲಿಂದಲೂ ಹಂಗೇ’ ಅಂತ ಬಿಡಬೇಡಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸ್ವಲ್ಪ ಕರೆಂಟ್ ಬಾಕ್ಸ್‌ಗೆ ಬರುವುದು ಸಹಜ, ಅದು ಅರ್ಥ್ ತಂತಿಯಲ್ಲಿ ಇಳಿದುಹೋಗಬೇಕು. ಅರ್ಥ್ ಇಲ್ಲದಿದ್ದರೆ ಬಾಕ್ಸ್ ಮೇಲೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಅರ್ಥ್ ಸರಿಯಾಗಿರುವ ಪ್ರಿಂಟರ್‌ನ ಕೇಬಲ್ ಸಿಕ್ಕಿಸಿದ ಕ್ಷಣ ಆ ಕರೆಂಟ್ ಯುಎಸ್‌ಬಿ ತಂತಿಗಳ ಮೂಲಕವೇ ಭೂಮಿಗೆ ದಾರಿ ಹುಡುಕುತ್ತದೆ.

ಮೂರು ಪಿನ್ ಪ್ಲಗ್‌ಗೆ ಎರಡು ಪಿನ್ ಅಡಾಪ್ಟರ್ ಹಾಕುವುದು, ಅರ್ಥ್ ತಂತಿಯೇ ಇಲ್ಲದ ಎಕ್ಸ್‌ಟೆನ್ಷನ್ ಬಾಕ್ಸ್ ಬಳಸುವುದು ಸಾಮಾನ್ಯ ಕಾರಣಗಳು. ‘ಯುಪಿಎಸ್ ಇದೆಯಲ್ಲ’ ಅನ್ನುವ ಸಮಾಧಾನ ಸಾಲದು. ಗೋಡೆಯ ಸಾಕೆಟ್‌ನಲ್ಲಿ ಅರ್ಥ್ ಇಲ್ಲದಿದ್ದರೆ ಯುಪಿಎಸ್ ಅದನ್ನು ಹುಟ್ಟಿಸಿ ಕೊಡುವುದಿಲ್ಲ.

ನೆಲವೂ ಲೆಕ್ಕಕ್ಕೆ ಬರುತ್ತದೆ. ಕಂಪ್ಲಿ ಕಡೆಯ ಗದ್ದೆ ಭೂಮಿ ತೇವ ಹಿಡಿದುಕೊಳ್ಳುತ್ತದೆ, ಅರ್ಥಿಂಗ್‌ಗೆ ಅನುಕೂಲ. ಹಂಪಿ, ಕಮಲಾಪುರದ ಸುತ್ತ ಬಂಡೆ ನೆಲ. ಅಲ್ಲಿ ಗುಂಡಿ ಆಳವಾಗಿರಬೇಕು, ಇದ್ದಿಲು, ಉಪ್ಪು ಸರಿಯಾಗಿ ತುಂಬಿರಬೇಕು. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಆಗಾಗ ನೀರು ಹಾಕುವುದನ್ನು ಮರೆಯಬಾರದು.

ಅಳೆದು ನೋಡುವುದು ಹೀಗೆ

ಸಾದಾ ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹಳೆ ಯುಎಸ್‌ಬಿ ಕೇಬಲ್ ಒಂದನ್ನು ಕತ್ತರಿಸಿ ನಾಲ್ಕೂ ತಂತಿ ಬಿಡಿಸಿ, ತುದಿಗಳು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಇಡಿ. ಅಗ್ಗದ ಕೇಬಲ್‌ಗಳಲ್ಲಿ ಬಣ್ಣ ಬೇರೆ ಇರುತ್ತದೆ. ಹಾಗಾಗಿ ಮೊದಲು ಸರಿಯಿರುವ ಬೇರೆ ಕಂಪ್ಯೂಟರ್‌ಗೆ ಹಾಕಿ ಯಾವ ತಂತಿ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಅನುಮಾನ ಇರುವ ಕಂಪ್ಯೂಟರ್‌ನ ಒಂದೊಂದು ಪೋರ್ಟ್‌ಗೂ ಹಾಕಿ ಡಿಸಿ 20 ವೋಲ್ಟ್ ರೇಂಜ್‌ನಲ್ಲಿ ನೋಡಿ.

- ಮೀಟರ್‌ನ ಕೆಂಪು ಕಡ್ಡಿ ಕೆಂಪು ತಂತಿಗೆ, ಕಪ್ಪು ಕಡ್ಡಿ ಕಪ್ಪು ತಂತಿಗೆ: 5ರ ಆಸುಪಾಸು ಬಂದರೆ ಸರಿ.
- ಮೈನಸ್ ಚಿಹ್ನೆ ಬಂದರೆ ವೈರಿಂಗ್ ತಿರುಗಾಮುರುಗಾ ಆಗಿದೆ.
- 12ರ ಹತ್ತಿರ ಬಂದರೆ ಕೇಬಲ್ ತಪ್ಪು ಕನೆಕ್ಟರ್‌ಗೆ ಹೋಗಿದೆ.
- ಎಲ್ಲ ಪೋರ್ಟ್‌ನಲ್ಲೂ 5.25 ದಾಟಿದರೆ ಎಸ್‌ಎಂಪಿಎಸ್ ಬದಲಿಸಿ.
- ಬಿಳಿ, ಹಸಿರು ತಂತಿಯಲ್ಲಿ 5 ವೋಲ್ಟ್ ಕಾಣಿಸಿದರೆ ವೈರ್ ಅದಲುಬದಲಾಗಿದೆ. ಸಾಮಾನ್ಯವಾಗಿ ಅಲ್ಲಿ ಸೊನ್ನೆಯ ಹತ್ತಿರ ಇರಬೇಕು.

ಗೋಡೆ ಸಾಕೆಟ್ ಪರೀಕ್ಷೆ ಎಲೆಕ್ಟ್ರಿಷಿಯನ್ ಕೆಲಸ, ನೀವೇ ಮಾಡಬೇಡಿ. ಫೇಸ್–ನ್ಯೂಟ್ರಲ್ ಸುಮಾರು 230, ಫೇಸ್–ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ಒಂದೆರಡು ವೋಲ್ಟ್ ಬರಬೇಕು. ಲೋಡ್ ಇದ್ದಾಗಲೂ ನ್ಯೂಟ್ರಲ್–ಅರ್ಥ್ ಪೂರ್ತಿ ಸೊನ್ನೆಯೇ ಇದ್ದರೆ ಸಾಕೆಟ್ ಬಿಚ್ಚಿಸಿ ನೋಡಿ. ಅರ್ಥ್ ಗುಂಡಿ ಇಲ್ಲದ ಕಡೆ ಕೆಲವರು ಸಾಕೆಟ್ ಒಳಗೇ ಅರ್ಥ್ ಪಿನ್ ಅನ್ನು ನ್ಯೂಟ್ರಲ್‌ಗೆ ಜೋಡಿಸಿಬಿಡುತ್ತಾರೆ. ನ್ಯೂಟ್ರಲ್ ಕಡಿದ ದಿನ ಸಿಪಿಯು ಬಾಕ್ಸ್‌ಗೇ ಫೇಸ್ ಬರುತ್ತದೆ, ಜೀವಕ್ಕೇ ಅಪಾಯ.

ಗಾಳಿ ಮಳೆ ನಂತರ ಬಲ್ಬ್‌ಗಳು ಅತಿಯಾಗಿ ಉರಿದರೆ ಅಥವಾ ಮಂಕಾದರೆ ಲೈನ್‌ನ ನ್ಯೂಟ್ರಲ್ ಸಡಿಲ ಆಗಿರಬಹುದು. ಮೇನ್ ಆಫ್ ಮಾಡಿ ಜೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ.

ಸರಿಯಾಗುವವರೆಗೆ

- ಮುಂದಿನ ಪೋರ್ಟ್‌ಗೆ ಟೇಪ್ ಅಂಟಿಸಿ, ಅದರ ಕೇಬಲ್ ಮದರ್‌ಬೋರ್ಡ್‌ನಿಂದ ತೆಗೆಸಿ.
- ಕ್ಯಾಬಿನೆಟ್ ಬಿಚ್ಚುವ ಮೊದಲು ಪ್ಲಗ್ ಕೀಳಿ. ಶಟ್‌ಡೌನ್ ಮಾಡಿದರೂ ಬೋರ್ಡ್‌ನಲ್ಲಿ 5 ವೋಲ್ಟ್ ಇರುತ್ತದೆ.
- ಎಸ್‌ಎಂಪಿಎಸ್ ಡಬ್ಬಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಅಪಾಯಕಾರಿ ಚಾರ್ಜ್ ಉಳಿಯುತ್ತದೆ.
- ಅಂಗಡಿಯವರು ಗ್ರಾಹಕರ ಪೆನ್ ಡ್ರೈವ್‌ಗಳನ್ನು ಬೇರೆ ಕಂಪ್ಯೂಟರ್‌ಗೇ ಹಾಕಲಿ, ಇಲ್ಲವೇ ಫೈಲ್ ಇಮೇಲ್‌ನಲ್ಲಿ ತರಿಸಿಕೊಳ್ಳಲಿ.
- ಸುಟ್ಟ ಪೆನ್ ಡ್ರೈವ್ ಎಸೆಯಬೇಡಿ. ಎಷ್ಟೋ ಸಲ ಹೋಗಿರುವುದು ಕಂಟ್ರೋಲರ್ ಚಿಪ್ ಮಾತ್ರ, ಮೆಮೊರಿ ಚಿಪ್ ಉಳಿದಿರುತ್ತದೆ. ಡೇಟಾ ರಿಕವರಿ ಲ್ಯಾಬ್‌ನಲ್ಲಿ ಅದನ್ನು ಓದಿಸಬಹುದು, ಖರ್ಚು ಮಾತ್ರ ಪೆನ್ ಡ್ರೈವ್ ಬೆಲೆಗಿಂತ ಎಷ್ಟೋ ಹೆಚ್ಚು. ಮುಖ್ಯವಾದ ಫೈಲ್‌ಗೆ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ.

ರಿಪೇರಿ ಆದ ಮೇಲೂ ಮೊದಲು ಮೀಟರ್ ಹಿಡಿದು ಎಲ್ಲ ಪೋರ್ಟ್ ನೋಡಿ. ಆಮೇಲೆ ಖಾಲಿ, ಹಳೆ ಪೆನ್ ಡ್ರೈವ್ ಒಂದನ್ನು ಹಾಕಿ ಸ್ವಲ್ಪ ಹೊತ್ತು ಬಿಡಿ. ಅದು ಬಿಸಿಯಾಗದೆ ಫೈಲ್ ಕಾಪಿ ಆದರೆ ಮಾತ್ರ ಬೆಲೆಬಾಳುವ ಸಾಮಾನು ಜೋಡಿಸಿ.